ಲ್ಯಾಂಕಾಸ್ಟರ್ ಡ್ಯೂಕ್ ಹೆನ್ರಿಯ ಮನೆತನ ಮತ್ತು ಮನೆಮಾತು

ಇಂಗ್ಲೆಂಡಿನ ಲ್ಯಾಂಕಾಸ್ಟರ್ ಡ್ಯೂಕ್ ಹೆನ್ರಿಯು ಕ್ರಿ.ಶ. 1354ರಲ್ಲಿ ಫ್ರೆಂಚ್ ಭಾಷೆಯಲ್ಲಿ ಒಂದು ಗ್ರಂಥವನ್ನು ರಚಿಸಿದನು. ‘ಲಿವ್ರ್ ದ ಸೇಂಟ್ಸ್ ಮೆದಿಸೀನ್ಸ್’, ಅಂದರೆ ‘ಪವಿತ್ರ ಔಷಧಗಳ ಪುಸ್ತಕ’, ಎಂಬುದು ಅದರ ಹೆಸರು. ಅದರ ಕೊನೆಯಲ್ಲಿ ಆತ ಓದುಗರ ಕ್ಷಮೆ ಕೋರುತ್ತಾನೆ: ತನ್ನ ಫ್ರೆಂಚ್ ಚೆನ್ನಾಗಿಲ್ಲದಿದ್ದರೆ ಮನ್ನಿಸಬೇಕು, ತಾನು ಇಂಗ್ಲಿಷಿನವನು, ಫ್ರೆಂಚಿನ ಬಳಕೆ ತನಗೆ ಹೆಚ್ಚಿಲ್ಲ ಎಂಬುದು ಆ ಮಾತಿನ ಸಾರ. ಬರಹವನ್ನು ತಡವಾಗಿ, ಸ್ವಂತ ಪ್ರಯತ್ನದಿಂದ ಕಲಿತೆನೆಂದೂ ಹೇಳುತ್ತಾನೆ.

ಆತನ ಅಜ್ಜಿ ಫ್ರಾನ್ಸಿನ ರಾಜವಂಶದವಳು. ಆತನ ಹೆಂಡತಿಯ ತಂದೆ ಫ್ರೆಂಚ್ ಮೂಲದವನು. ಆತ ಅಕ್ವಿಟೇನಿನಲ್ಲಿ ದಂಡು ನಡೆಸಿದವನು, ಫ್ರೆಂಚ್ ರಾಜನ ಮಂತ್ರಿಗಳೆದುರು ಕುಳಿತು ಸಂಧಾನದ ಮಾತುಕತೆ ಆಡಿದವನು. ಇಂಥವನು ತನಗೆ ಫ್ರೆಂಚ್ ಸರಿಯಾಗಿ ಬಾರದೆಂದು ಬರೆದನು, ಬರೆದದ್ದು ಫ್ರೆಂಚಿನಲ್ಲೇ. ಭಾಷಾ ಇತಿಹಾಸಕಾರರು ಈ ಮಾತನ್ನು ಇಂಗ್ಲೆಂಡಿನಲ್ಲಿ ಫ್ರೆಂಚ್ ಕ್ಷೀಣಿಸಿದುದಕ್ಕೆ ಸಾಕ್ಷಿಯೆಂದು ಬಹುಕಾಲ ಎತ್ತಿ ತೋರಿಸುತ್ತಿದ್ದರು. ಆದರೆ ಒಬ್ಬ ಮನುಷ್ಯನ ಮಾತನ್ನು ಅವನ ಮನೆತನದಿಂದ ಬೇರ್ಪಡಿಸಿ ಓದಿದರೆ ಅರ್ಥ ಕೈತಪ್ಪುವ ಸಂಭವ ಹೆಚ್ಚು. ಆದ್ದರಿಂದ ಮೊದಲು ಮನೆತನದ ವಿಚಾರವನ್ನು ನೋಡೋಣ.

ಲ್ಯಾಂಕಾಸ್ಟರ್ ಮನೆಯ ಸಂಪತ್ತು ಮೊದಲಿನಿಂದಲೂ ಮುಟ್ಟುಗೋಲಿನ ಸಂಪತ್ತು. ಮೂರನೆಯ ಹೆನ್ರಿ ರಾಜನ ವಿರುದ್ಧ ದಂಗೆಯೆದ್ದ ಸೈಮನ್ ದ ಮಾಂಟ್‌ಫರ್ಟ್ 1265ರಲ್ಲಿ ಈವ್‌ಶಮ್ ಕದನದಲ್ಲಿ ಸತ್ತಾಗ ಅವನ ಲೆಸ್ಟರ್ ಸೀಮೆಯನ್ನು ರಾಜನು ತನ್ನ ಕಿರಿಯ ಮಗ ಎಡ್ಮಂಡನಿಗೆ ಕೊಟ್ಟನು. 1267ರಲ್ಲಿ ಲ್ಯಾಂಕಾಸ್ಟರ್ ಸೇರಿತು. ಈ ಎಡ್ಮಂಡನಿಗೆ ‘ಕ್ರೌಚ್‌ಬ್ಯಾಕ್’ ಎಂಬ ಅಡ್ಡಹೆಸರು. ಧರ್ಮಯುದ್ಧಕ್ಕೆ ಹೋದವರು ಉಡುಪಿನ ಮೇಲೆ ಶಿಲುಬೆಯ ಗುರುತನ್ನು ಹೊಲಿಸಿಕೊಳ್ಳುತ್ತಿದ್ದುದರಿಂದ ಬಂದ ಹೆಸರದು ಎನ್ನುತ್ತಾರೆ. ಗೂನುಬೆನ್ನೆಂಬ ಅರ್ಥ ಅದಕ್ಕೆ ಬಳಿಕ ಅಂಟಿಕೊಂಡಿತು. ಆ ತಪ್ಪರ್ಥಕ್ಕೆ ಮುಂದೆ ಒಂದು ರಾಜಕೀಯ ಉಪಯೋಗವೂ ದೊರೆಯಿತು. ಎಡ್ಮಂಡನ ಎರಡನೆಯ ಹೆಂಡತಿ ಆರ್ತ್ವಾದ ಬ್ಲಾಂಷ್, ಫ್ರಾನ್ಸಿನ ಒಂಬತ್ತನೆಯ ಲೂಯಿಯ ತಮ್ಮನ ಮಗಳು. ನವಾರ್ ರಾಜನ ವಿಧವೆಯಾಗಿದ್ದ ಆಕೆಗೆ ಮೊದಲ ಮದುವೆಯಿಂದ ಹುಟ್ಟಿದ ಮಗಳು ಜೋನ್ ಫ್ರಾನ್ಸಿನ ನಾಲ್ಕನೆಯ ಫಿಲಿಪನ ರಾಣಿಯಾದಳು. ಜೋನಳ ಮೂವರು ಗಂಡುಮಕ್ಕಳು ಒಬ್ಬರಾದ ಮೇಲೊಬ್ಬರು ಫ್ರಾನ್ಸಿನ ರಾಜರಾದರು. ಮಗಳು ಇಸಬೆಲ್ಲಾ ಇಂಗ್ಲೆಂಡಿನ ಎರಡನೆಯ ಎಡ್ವರ್ಡನ ರಾಣಿಯಾದಳು. ಹೀಗೆ ಲ್ಯಾಂಕಾಸ್ಟರ್ ಮನೆಯ ಹುಡುಗರಿಗೆ ಪ್ಯಾರಿಸಿನ ಅರಮನೆ ಪರಸ್ಥಳವಾಗಿರಲಿಲ್ಲ. ಶಾಂಪೇನಿನಲ್ಲಿ ಬೋಫೋರ್ ಎಂಬ ಜಹಗೀರು ಕೂಡ ಅವರಿಗಿತ್ತು.

ಎಡ್ಮಂಡನ ಹಿರಿಯ ಮಗ ಥಾಮಸ್ ತನ್ನ ದಾಯಾದಿಯಾದ ಎರಡನೆಯ ಎಡ್ವರ್ಡನನ್ನು ಹತ್ತು ವರ್ಷ ಎದುರು ಹಾಕಿಕೊಂಡು, 1322ರ ಮಾರ್ಚ್ 16ರಂದು ಬರೋಬ್ರಿಜ್‌ನಲ್ಲಿ ಸೋತನು. ಆರು ದಿನಗಳ ಬಳಿಕ ಅವನದೇ ಪಾಂಟಿಫ್ರ್ಯಾಕ್ಟ್ ಕೋಟೆಯ ಹೊರಗೆ ಅವನ ತಲೆ ಕಡಿಸಲಾಯಿತು. ಥಾಮಸನು ಬದುಕಿದ್ದಾಗ ಅಷ್ಟೇನೂ ಜನಪ್ರಿಯನಲ್ಲ. ಹಟಮಾರಿ, ಕೆಲಸಗಳ್ಳ ಎಂದರೂ ತಪ್ಪಾಗದು. ಸತ್ತ ಮೇಲೆ ಅವನ ಸಮಾಧಿಯಲ್ಲಿ ಪವಾಡಗಳು ನಡೆದವೆಂಬ ಸುದ್ದಿ ಹಬ್ಬಿ, ಯಾತ್ರಿಕರು ಬರತೊಡಗಿದರು. 1327ರಲ್ಲಿ ಅವನನ್ನು ಸಂತನೆಂದು ಘೋಷಿಸಬೇಕೆಂದು ಪೋಪನಿಗೆ ಅರಿಕೆಯೂ ಹೋಯಿತು. ಪೋಪನು ಒಪ್ಪಲಿಲ್ಲ.

ಥಾಮಸನಿಗೆ ಸಂತಾನವಿರಲಿಲ್ಲ. ಅವನ ತಮ್ಮ ಹೆನ್ರಿ, ನಮ್ಮ ಗ್ರಂಥಕರ್ತನ ತಂದೆ, ಅಣ್ಣನ ದಂಗೆಯಲ್ಲಿ ಸೇರದೆ ಉಳಿದಿದ್ದನು. ಆದರೂ ಆಸ್ತಿ ರಾಜನ ವಶವಾಯಿತು. 1324ರಲ್ಲಿ ಲೆಸ್ಟರ್ ಮಾತ್ರ ಮರಳಿತು. 1326ರಲ್ಲಿ ರಾಣಿ ಇಸಬೆಲ್ಲಾ ಗಂಡನ ವಿರುದ್ಧ ಸೈನ್ಯದೊಡನೆ ಬಂದಿಳಿದಾಗ ಈತ ಅವಳ ಪಕ್ಷ ಸೇರಿದನು. ಆ ವರ್ಷ ನವೆಂಬರಿನಲ್ಲಿ ವೇಲ್ಸಿನಲ್ಲಿ ಅಲೆಯುತ್ತಿದ್ದ ರಾಜನನ್ನು ಹಿಡಿದವರಲ್ಲಿ ಈತನೇ ಪ್ರಮುಖನು. ಅಣ್ಣನನ್ನು ಕೊಲ್ಲಿಸಿದ ರಾಜನನ್ನು ತನ್ನ ಕೆನಿಲ್‌ವರ್ತ್ ಕೋಟೆಯಲ್ಲಿ ಕಾವಲಿನಲ್ಲಿಟ್ಟು, ಅಲ್ಲಿಯೇ ಪಟ್ಟ ಬಿಡಿಸುವ ಕಾರ್ಯದಲ್ಲಿ ಪಾಲ್ಗೊಂಡನು. ಆದರೆ ಸಮಕಾಲೀನರು ಈತ ಸೆರೆಯಾಳನ್ನು ಗೌರವದಿಂದ ನಡೆಸಿಕೊಂಡನೆಂದೇ ಹೇಳುತ್ತಾರೆ. ರಾಜನನ್ನು ಅವನ ಕೈಯಿಂದ ಬೇರೆಡೆಗೆ ಸಾಗಿಸಿದ ಮೇಲೆಯೇ ಕೊನೆಯ ದುರಂತ ನಡೆಯಿತು. ಮುಂದೆ ಇಸಬೆಲ್ಲಾ ಮತ್ತು ಅವಳ ಸಂಗಾತಿ ಮಾರ್ಟಿಮರನ ಆಳ್ವಿಕೆಯ ವಿರುದ್ಧವೂ ಈತ 1328–29ರಲ್ಲಿ ಬಂಡೆದ್ದು ಸೋತು, ಭಾರಿ ದಂಡದ ಕರಾರಿಗೆ ಒಳಗಾದನು. 1330ರ ಸುಮಾರಿಗೆ ಅವನ ಕಣ್ಣು ಹೋಯಿತು. ಆಗಲೇ ಅವನು ಲೆಸ್ಟರಿನಲ್ಲಿ ಐವತ್ತು ಮಂದಿ ಬಡವರಿಗೂ ರೋಗಿಗಳಿಗೂ ಒಂದು ಆಸ್ಪತ್ರೆಯನ್ನು ಸ್ಥಾಪಿಸಿದನು. ಪಾರ್ಲಿಮೆಂಟಿನಲ್ಲೂ ಯುದ್ಧದಲ್ಲೂ ತಂದೆಯ ಸ್ಥಾನವನ್ನು ತುಂಬುವ ಭಾರ ಒಬ್ಬನೇ ಮಗನ ಮೇಲೆ ಬಿತ್ತು.

ಆ ಮಗ ಸುಮಾರು 1310ರಲ್ಲಿ ವೇಲ್ಸಿನ ಗಡಿಸೀಮೆಯ ಗ್ರೋಸ್‌ಮಾಂಟ್ ಕೋಟೆಯಲ್ಲಿ ಹುಟ್ಟಿದವನು. ಅದರಿಂದಲೇ ಚರಿತ್ರೆಯಲ್ಲಿ ಅವನು ಗ್ರೋಸ್‌ಮಾಂಟಿನ ಹೆನ್ರಿ. ತಾಯಿ ಮಾಡ್ ಚಾವರ್ತ್ ವೇಲ್ಸಿನ ಕಿಡ್‌ವೆಲಿ ಮತ್ತು ಆಗ್ಮೋರ್ ಸೀಮೆಗಳ ಉತ್ತರಾಧಿಕಾರಿಣಿ. ಅಲ್ಲಿಯ ರೈತರು ಆಡುತ್ತಿದ್ದುದು ವೆಲ್ಷ್ ನುಡಿ. ಪ್ರಾರ್ಥನೆ ಮತ್ತು ಲೆಕ್ಕಪತ್ರ ಲ್ಯಾಟಿನ್, ಪತ್ರವ್ಯವಹಾರ ಫ್ರೆಂಚ್, ಆಳುಕಾಳು ಮತ್ತು ದಾದಿಯರೊಡನೆ ಇಂಗ್ಲಿಷ್, ಹೊಲದಾಚೆ ವೆಲ್ಷ್: ಮಗುವಿನ ಕಿವಿಗೆ ಬೀಳುತ್ತಿದ್ದುದು ಈ ನಾಲ್ಕೂ. ಗಡಿಸೀಮೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅವನಿಗೆ ಆರು ಮಂದಿ ಅಕ್ಕತಂಗಿಯರು. ಮಧ್ಯಯುಗದ ಕುಲೀನರ ಚರಿತ್ರೆಗಳು ಇಂಥ ಹೆಣ್ಣುಮಕ್ಕಳನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಆದರೆ ಮುಂದಿನ ನೂರೈವತ್ತು ವರ್ಷಗಳ ಇಂಗ್ಲಿಷ್ ರಾಜಕೀಯದ ಎಳೆಗಳು ಹೊರಟಿದ್ದು ಇವರಿಂದಲೇ. ಇಸಬೆಲ್ ಏಮ್ಸ್‌ಬರಿ ಮಠದ ಮುಖ್ಯಸ್ಥೆಯಾದಳು. ಬ್ಲಾಂಷ್ ವೇಕ್ ಮನೆತನವನ್ನೂ, ಜೋನ್ ಮೌಬ್ರೇ ಮನೆತನವನ್ನೂ ಸೇರಿದರು. ಎಲೆನರ್ ಮೊದಲು ಬೋಮಾಂಟ್ ಮನೆಗೂ, ವಿಧವೆಯಾದ ಮೇಲೆ ಆರಂಡಲ್ ಅರ್ಲನ ಮನೆಗೂ ಹೋದಳು. ಮಾಡ್ ಐರ್ಲೆಂಡಿನ ಅಲ್ಸ್ಟರ್ ಅರ್ಲನನ್ನು ವರಿಸಿದಳು. ಅವಳ ಮಗಳು ಎಲಿಜಬೆತ್ ರಾಜಕುಮಾರ ಲಯೊನೆಲನ ಹೆಂಡತಿಯಾದಳು, ಆ ಸಂತತಿಯಿಂದಲೇ ಯಾರ್ಕ್ ಮನೆತನ ಸಿಂಹಾಸನದ ಹಕ್ಕನ್ನು ಪಡೆಯಿತು. ಮೇರಿ ಪರ್ಸಿ ಮನೆಯ ಸೊಸೆಯಾದಳು. ಅವಳ ಮಕ್ಕಳು ಮೊದಲು ನಾಲ್ಕನೆಯ ಹೆನ್ರಿಯನ್ನು ಪಟ್ಟಕ್ಕೇರಿಸಿ, ಬಳಿಕ ಅವನ ಮೇಲೆಯೇ ಬಂಡೆದ್ದರು. ಹದಿನೈದನೆಯ ಶತಮಾನದಲ್ಲಿ ಲ್ಯಾಂಕಾಸ್ಟರ್ ಮತ್ತು ಯಾರ್ಕ್ ಪಕ್ಷಗಳು ಪರಸ್ಪರ ಕಡಿದಾಡಿದಾಗ ಎರಡೂ ಕಡೆಯವರು ಒಂದೇ ಕುರುಡು ಅರ್ಲನ ಸಂತತಿಯಾಗಿದ್ದರು.

ಹೆನ್ರಿಯ ಯುದ್ಧಗಳನ್ನು ಕೆನೆತ್ ಫೌಲರ್ 1969ರ ತಮ್ಮ ಗ್ರಂಥದಲ್ಲಿ ಸವಿವರವಾಗಿ ನಿರೂಪಿಸಿರುವುದರಿಂದ ಇಲ್ಲಿ ಕೆಲವು ಮಾತು ಸಾಕು. 1337ರಲ್ಲಿ ಅವನು ಡರ್ಬಿಯ ಅರ್ಲನಾದನು. 1340ರಲ್ಲಿ ಸ್ಲೋಯ್ಸ್ ನೌಕಾಯುದ್ಧದಲ್ಲಿದ್ದನು. ಅದೇ ವರ್ಷ ಮೂರನೆಯ ಎಡ್ವರ್ಡನ ಸಾಲಕ್ಕೆ ಒತ್ತೆಯಾಳಾಗಿ ಸಾಲಿಗರ ಬಳಿ ಉಳಿದನು. 1343ರಲ್ಲಿ ಸ್ಪೇನಿನ ಅಲ್ಹೆಸಿರಾಸ್ ಮುತ್ತಿಗೆಗೆ ಹೋಗಿಬಂದನು. 1345ರಲ್ಲಿ ಅಕ್ವಿಟೇನಿನ ಸೇನಾಧಿಪತಿಯಾಗಿ ಆಗಸ್ಟಿನಲ್ಲಿ ಬೆರ್ಜೆರಾಕ್ ಪಟ್ಟಣವನ್ನು ಹಿಡಿದನು, ಅಕ್ಟೋಬರ್ 21ರಂದು ಓಬೆರೋಷ್‌ನಲ್ಲಿ ತನಗಿಂತ ದೊಡ್ಡದಾದ ಫ್ರೆಂಚ್ ಸೈನ್ಯವನ್ನು ಅನಿರೀಕ್ಷಿತವಾಗಿ ಎರಗಿ ಮುರಿದನು. ಇವೆರಡರ ನಡುವೆ, ಸೆಪ್ಟೆಂಬರ್ 22ರಂದು, ಊರಿನಲ್ಲಿ ತಂದೆ ತೀರಿಕೊಂಡನು. ಬೆರ್ಜೆರಾಕಿನ ಲೂಟಿ ಮತ್ತು ಒತ್ತೆಹಣದಿಂದ ಲಂಡನ್ನಿನ ಥೇಮ್ಸ್ ದಂಡೆಯ ಸವಾಯ್ ಅರಮನೆಯನ್ನು ಹೊಸದಾಗಿ ಕಟ್ಟಿಸಿದನೆಂದು ಲೆಸ್ಟರ್ ಮಠದ ಚರಿತ್ರಕಾರ ಹೆನ್ರಿ ನೈಟನ್ ಬರೆದಿದ್ದಾನೆ. 1346ರಲ್ಲಿ ಪ್ವಾತಿಯೆ ನಗರವನ್ನು ಅವನ ಸೈನ್ಯ ಸೂರೆಗೈದಿತು. ಈ ಸೂರೆಯನ್ನು ಇಂಗ್ಲಿಷ್ ಚರಿತ್ರೆಗಳು ವೀರಗಾಥೆಯೆಂಬಂತೆ ಹೇಳುತ್ತ ಬಂದಿವೆ. ಪಟ್ಟಣದವರ ಪಾಲಿಗೆ ಅದು ಏನಾಗಿತ್ತೆಂಬುದನ್ನು ಊಹಿಸಲು ಹೆಚ್ಚು ಕಷ್ಟಪಡಬೇಕಿಲ್ಲ.

1351ರ ಮಾರ್ಚ್ 6ರಂದು ರಾಜನು ಅವನನ್ನು ಡ್ಯೂಕ್ ಪದವಿಗೆ ಏರಿಸಿದನು. ಇಂಗ್ಲೆಂಡಿನಲ್ಲಿ ಆ ಪದವಿ ಅದಕ್ಕೆ ಮುಂಚೆ ರಾಜನ ಹಿರಿಯ ಮಗನಿಗೆ ಮಾತ್ರ ಸಂದಿತ್ತು. ಲ್ಯಾಂಕಾಶೈರಿನಲ್ಲಿ ಸ್ವಂತ ನ್ಯಾಯಾಲಯ, ಸ್ವಂತ ಮುದ್ರೆಯ ಕಚೇರಿ ನಡೆಸುವ ಹಕ್ಕು ಅವನ ಜೀವಮಾನದ ಮಟ್ಟಿಗೆ ದೊರೆಯಿತು. ಪ್ರಷ್ಯಾದ ಧರ್ಮಯುದ್ಧಕ್ಕೆ ಹೋದ ಪ್ರಯಾಣದಲ್ಲಿ ಬ್ರನ್ಸ್‌ವಿಕ್ಕಿನ ಆಟ್ಟೋ ಎಂಬ ಕುಲೀನನೊಡನೆ ವೈಷಮ್ಯ ಬೆಳೆದು, 1352ರ ಡಿಸೆಂಬರಿನಲ್ಲಿ ಪ್ಯಾರಿಸಿನಲ್ಲಿ ದ್ವಂದ್ವಯುದ್ಧದ ಏರ್ಪಾಟಾಯಿತು. ಇಬ್ಬರೂ ಕುದುರೆಯೇರಿ ಕಣದಲ್ಲಿ ನಿಂತಾಗ ರಾಜ ಜಾನ್ ತಡೆದನು. ಬಳಿಕ ರಾಜನು ಉಡುಗೊರೆಗಳನ್ನು ಮುಂದಿಟ್ಟಾಗ ಹೆನ್ರಿ ಆರಿಸಿಕೊಂಡದ್ದು ಕ್ರಿಸ್ತನ ಮುಳ್ಳಿನ ಕಿರೀಟದ್ದೆಂದು ನಂಬಲಾದ ಒಂದೇ ಒಂದು ಮುಳ್ಳನ್ನು. ಅದನ್ನು ತಂದು, ತಂದೆಯ ಆಸ್ಪತ್ರೆಯ ಪಕ್ಕದಲ್ಲಿ ತಾನು ಕಟ್ಟಿಸುತ್ತಿದ್ದ ನ್ಯೂವಾರ್ಕ್ ಚರ್ಚಿಗೆ ಕೊಟ್ಟನು. ಆಸ್ಪತ್ರೆಯನ್ನೂ ಐವತ್ತರಿಂದ ನೂರು ಜನರಿಗೆ ವಿಸ್ತರಿಸಿದನು.

ಇದಾಗಿ ಎರಡೇ ವರ್ಷಕ್ಕೆ ಹುಟ್ಟಿದ್ದು ಆ ಗ್ರಂಥ. ನಲವತ್ತು ದಾಟಿದ, ದೇಶದ ಅತಿ ಶ್ರೀಮಂತ ಪ್ರಜೆಗಳಲ್ಲೊಬ್ಬನಾದ, ಸಂಧಿವಾತದಿಂದ ನರಳುತ್ತಿದ್ದ ಸೇನಾನಿ ತನ್ನನ್ನು ಮೈತುಂಬ ಗಾಯಗೊಂಡ ರೋಗಿಯೆಂದು ಅದರಲ್ಲಿ ಚಿತ್ರಿಸಿಕೊಳ್ಳುತ್ತಾನೆ. ಕಿವಿ, ಕಣ್ಣು, ಮೂಗು, ಬಾಯಿ, ಕೈ, ಕಾಲು, ಹೃದಯ: ಏಳು ಗಾಯಗಳು. ಪ್ರತಿಯೊಂದರಲ್ಲೂ ಏಳು ಮಹಾಪಾಪಗಳು ಒಳನುಗ್ಗಿವೆ. ಕ್ರಿಸ್ತನು ವೈದ್ಯ, ಮೇರಿ ಮಾತೆ ಶುಶ್ರೂಷಕಿ. ಹೃದಯವು ಕೋಟೆಯಾದರೆ ಇಂದ್ರಿಯಗಳು ಶತ್ರು ನುಗ್ಗುವ ಬಾಗಿಲುಗಳು. ಮುತ್ತಿಗೆ ಹಾಕಿ ಗೊತ್ತಿದ್ದವನಿಗೆ ಸಹಜವಾಗಿ ಹೊಳೆಯುವ ಹೋಲಿಕೆ. ಗಾಯ ತೊಳೆಯಲು ಬಿಳಿ ದ್ರಾಕ್ಷಾರಸ, ಜ್ವರದ ದಾಹಕ್ಕೆ ದಾಳಿಂಬೆ, ತಂಪಿಗೆ ಪನ್ನೀರು, ಬಲ ಬರಲು ಕೋಳಿಯ ಸಾರು, ಮೇ ತಿಂಗಳಿನ ಎಳೆಸೊಪ್ಪು ಮೇಯ್ದ ಮೇಕೆಯ ಹಾಲು, ವಿಷಕ್ಕೆ ವಿಷದಿಂದಲೇ ಮಾಡಿದ ಥೀರಿಯಾಕ್ ಎಂಬ ಮದ್ದು. ಮೇರಿಯ ಆನಂದಗಳೇ ಗಾಯಕ್ಕೆ ಸುತ್ತುವ ಪಟ್ಟಿಗಳು. ಆ ಕಾಲದ ವೈದ್ಯಪದ್ಧತಿಯನ್ನು ಅರಿಯಬಯಸುವವರಿಗೂ ಇದು ಒಳ್ಳೆಯ ಆಕರ.

ಆದರೆ ಓದುಗನನ್ನು ಹಿಡಿದು ನಿಲ್ಲಿಸುವುದು ರೂಪಕಗಳ ಜೋಡಣೆಯಲ್ಲ. ಹೆನ್ರಿ ತನ್ನ ಪಾಪಗಳನ್ನು ಹೆಸರಿಸುವ ರೀತಿ ಬೇರೆಯದು. ಯೌವನದಲ್ಲಿ ಕುದುರೆಯ ರಿಕಾಪಿನಲ್ಲಿ ಕಾಲು ಚಾಚಿ ಅದರ ಅಂದವನ್ನು ತಾನೇ ಮೆಚ್ಚಿಕೊಳ್ಳುತ್ತಿದ್ದುದನ್ನು ಹೇಳುತ್ತಾನೆ. ಉಂಗುರ ತೊಟ್ಟ ಬೆರಳುಗಳ ಜಂಬ, ಕುಣಿತದ ಗೀಳು, ಊಟದ ಸಾರುಗಳ ಚಪಲ ಎಲ್ಲವೂ ಬರುತ್ತವೆ. ಕುಲೀನ ಸ್ತ್ರೀಯರಿಗಿಂತ ಸಾಮಾನ್ಯ ಹೆಂಗಸರನ್ನು ಚುಂಬಿಸುವುದು ತನಗೆ ಹೆಚ್ಚು ಇಷ್ಟವಾಗಿತ್ತು, ಏಕೆಂದರೆ ಅವರು ತನ್ನ ನಡತೆಯನ್ನು ಆಡಿಕೊಳ್ಳುತ್ತಿರಲಿಲ್ಲ ಎನ್ನುತ್ತಾನೆ. ಬಡವರ ಮತ್ತು ರೋಗಿಗಳ ಮೈವಾಸನೆ ತನಗೆ ಹೇಸಿಗೆ ತರುತ್ತಿತ್ತೆಂದೂ ಒಪ್ಪಿಕೊಳ್ಳುತ್ತಾನೆ. ನೂರು ಮಂದಿ ಬಡರೋಗಿಗಳ ಆಸ್ಪತ್ರೆಗೆ ಹಣ ಕೊಡುತ್ತಿದ್ದವನ ಮಾತಿದು. ಕೊನೆಗೆ ತನ್ನ ಹೆಸರನ್ನು ಅಕ್ಷರ ತಿರುಗುಮುರುಗಾಗಿಸಿ, ಹಿಂದಿನಿಂದ ಮುಂದಕ್ಕೆ ಬರೆದು ಸಹಿ ಹಾಕಿದ್ದಾನೆ.

ಈಗ ಆ ಕ್ಷಮಾಪಣೆಯ ಪ್ರಶ್ನೆಗೆ ಬರಬಹುದು. ಅದನ್ನು ಕೇವಲ ವಿನಯದ ರೂಢಿಯೆಂದು ತಳ್ಳಿಹಾಕುವವರಿದ್ದಾರೆ. ಅವರ ಪರವಾಗಿ ಸಾಕಷ್ಟು ಸಾಮಗ್ರಿಯಿದೆ. ಹನ್ನೆರಡನೆಯ ಶತಮಾನದಲ್ಲೇ ಬಾರ್ಕಿಂಗ್ ಮಠದ ಒಬ್ಬ ಸನ್ಯಾಸಿನಿ ಸಂತ ಎಡ್ವರ್ಡನ ಚರಿತ್ರೆಯನ್ನು ಫ್ರೆಂಚಿಗೆ ತರುವಾಗ ತನ್ನದು ಇಂಗ್ಲೆಂಡಿನ ಕೆಟ್ಟ ಫ್ರೆಂಚ್ ಎಂದು ತಪ್ಪೊಪ್ಪಿಕೊಂಡಿದ್ದಳು. ಅದೇ ಶತಮಾನದಲ್ಲಿ ಬೆಕೆಟನ ಚರಿತ್ರೆ ಬರೆದ ಗೆರ್ನೆಸ್ ಎಂಬ ಕವಿ ತಾನು ಫ್ರಾನ್ಸಿನಲ್ಲೇ ಹುಟ್ಟಿದವನಾದ್ದರಿಂದ ತನ್ನ ಭಾಷೆ ಒಳ್ಳೆಯದೆಂದು ಬೀಗಿದ್ದನು. ಹೆನ್ರಿಯ ನಂತರ ಜಾನ್ ಗವರ್ ಕವಿಯೂ ಫ್ರೆಂಚಿನಲ್ಲಿ ಬರೆದು, ತಾನು ಇಂಗ್ಲಿಷಿನವನೆಂದು ಕ್ಷಮೆ ಕೇಳಿದನು. ಚಾಸರನು ತನ್ನ ಮಠಾಧ್ಯಕ್ಷೆಯ ಲಂಡನ್ ಪಕ್ಕದ ಫ್ರೆಂಚನ್ನು ನಯವಾಗಿ ಗೇಲಿ ಮಾಡಿದ್ದಾನೆ. ಎರಡು ಶತಮಾನಗಳ ಉದ್ದಕ್ಕೂ ಒಂದೇ ರಾಗ ಕೇಳಿಬರುತ್ತಿದ್ದರೆ ಅದನ್ನು ರೂಢಿಯೆನ್ನದೆ ಏನೆನ್ನುವುದು?

ಆದರೆ ರೂಢಿಯೂ ಏನನ್ನಾದರೂ ಹೇಳುತ್ತದೆ. ಈ ಮಾತುಗಳಲ್ಲಿ ಯಾವುದೂ ಫ್ರೆಂಚ್ ಬಾರದೆಂದು ಹೇಳುತ್ತಿಲ್ಲ. ಬರುವ ಫ್ರೆಂಚ್ ಪ್ಯಾರಿಸಿನದಲ್ಲ ಎಂದು ಮಾತ್ರ ಹೇಳುತ್ತವೆ. ಇಂಗ್ಲೆಂಡಿನ ಫ್ರೆಂಚ್ ಮುನ್ನೂರು ವರ್ಷ ಅಲ್ಲಿಯೇ ಬೆಳೆದು, ತನ್ನದೇ ಉಚ್ಚಾರಣೆ, ಕಾಗುಣಿತ, ಪದಸಂಪತ್ತು ಪಡೆದಿತ್ತು. ಪ್ಯಾರಿಸಿನ ಆಸ್ಥಾನದ ನುಡಿ ಪ್ರಮಾಣವೆನಿಸಿಕೊಂಡಂತೆಲ್ಲ ಈ ಗಡಿಯಾಚೆಯ ನುಡಿ ತನ್ನ ಕಣ್ಣಿಗೇ ಕಿರಿದಾಯಿತು. ‘ನಮ್ಮದು ಅಷ್ಟು ಶುದ್ಧವಲ್ಲ’ ಎಂದು ಮುನ್ನುಡಿಯಲ್ಲೇ ತಲೆತಗ್ಗಿಸುವ ಅಭ್ಯಾಸ ಹೊರನಾಡ ಕನ್ನಡಿಗರಿಗೂ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರು ಈ ತಲೆತಗ್ಗಿಸುವಿಕೆಯನ್ನೇ ತೀರ್ಪೆಂದು ಸ್ವೀಕರಿಸಿ, ಆಂಗ್ಲೋ-ನಾರ್ಮನ್ ಭಾಷೆಯನ್ನು ಕೆಟ್ಟುಹೋದ ಫ್ರೆಂಚ್ ಎಂದು ಕರೆದರು. ಕಾನೂನು, ವ್ಯಾಪಾರ, ಆಡಳಿತದ ಅಪಾರ ದಾಖಲೆಗಳನ್ನು ಮುಂದಿಟ್ಟುಕೊಂಡು ವಿಲಿಯಂ ರಾತ್‌ವೆಲ್, ಆಮೇಲೆ ಜಾಸ್ಲಿನ್ ವೋಗನ್-ಬ್ರೌನ್ ಮೊದಲಾದವರು ಈ ತೀರ್ಪನ್ನು ಪ್ರಶ್ನಿಸಿದ್ದು ಈಚೆಗೆ.

ಹೆನ್ರಿಯ ವಿಷಯದಲ್ಲಿ ಇನ್ನೊಂದು ಅಂಶವಿದೆ. ನನ್ನ ದೃಷ್ಟಿಯಲ್ಲಿ ಅದೇ ಮುಖ್ಯ. 1337ರಿಂದ ಫ್ರಾನ್ಸ್ ಶತ್ರುದೇಶ. ಫ್ರೆಂಚ್ ಅಜ್ಜಿಯ ಮೊಮ್ಮಗನು ಅಜ್ಜಿಯ ಬಳಗದ ರಾಜ್ಯವನ್ನು ಹದಿನೈದು ವರ್ಷ ಸುಟ್ಟು ಬಂದಿದ್ದನು. ಅವನ ಅಜ್ಜನಿಗೆ ಎರಡೂ ದಂಡೆಗಳು ತನ್ನವೇ ಆಗಿದ್ದವು. ಅವನು ಒಂದನ್ನು ಆರಿಸಿಕೊಳ್ಳಲೇಬೇಕಾಯಿತು. ‘ಇಂಗ್ಲಿಷಿನವನು’ ಎಂಬ ಪದ ಅವನ ಲೇಖನಿಯಲ್ಲಿ ಭಾಷೆಯ ಕೊರತೆಗೆ ಕಾರಣವಾಗಿ ಬಂದಿದೆ, ಆದರೆ ಅದು ಸೂಚಿಸುವುದು ಪಕ್ಷವನ್ನು. ತನ್ನ ಒಳಗಿನ ಬದುಕನ್ನು ತೋಡಿಕೊಳ್ಳಲು ಅವನಿಗೆ ಒದಗಿದ್ದು ಮಾತ್ರ ಫ್ರೆಂಚೇ. ಅವನ ಕಾಲಕ್ಕೆ ಇಂಗ್ಲಿಷಿನಲ್ಲಿ ಭಕ್ತಿಗ್ರಂಥಗಳು ಇರಲಿಲ್ಲವೆಂದಲ್ಲ; ಯಾರ್ಕ್‌ಶೈರಿನ ರಿಚರ್ಡ್ ರೋಲ್ ಆಗಲೇ ಬರೆದು ತೀರಿಕೊಂಡಿದ್ದನು. ಡ್ಯೂಕನ ಅಂತಸ್ತಿನವರು ಪಾಪನಿವೇದನೆ ಮಾಡುವ ಭಾಷೆಯಾಗಿ ಇಂಗ್ಲಿಷ್ ಇನ್ನೂ ರೂಢಿಗೊಂಡಿರಲಿಲ್ಲ, ಅಷ್ಟೆ.

1360ರ ಬ್ರೆತಿಞಿ ಸಂಧಾನದಲ್ಲಿ ದುಡಿದ ಬಳಿಕ, 1361ರ ಮಾರ್ಚ್ 23ರಂದು ಹೆನ್ರಿ ಲೆಸ್ಟರಿನಲ್ಲಿ ಮರಣಿಸಿದನು. ಪ್ಲೇಗ್ ಎರಡನೆಯ ಬಾರಿ ಇಂಗ್ಲೆಂಡಿಗೆ ಬಂದ ವರ್ಷವದು. ಅವನನ್ನು ಕೊಂಡೊಯ್ದದ್ದೂ ಅದೇ ಎಂಬುದು ಹೆಚ್ಚಿನವರ ಅಭಿಪ್ರಾಯ. ಇಸಬೆಲ್ಲಾ ದ ಬೋಮಾಂಟಳಲ್ಲಿ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳಿಗೆ ಆಸ್ತಿ ಹಂಚಿಹೋಯಿತು. ಹಿರಿಯಳಾದ ಮಾಡ್‌ಳ ಬಾಳು ಕರುಣಾಜನಕ. ಮೊದಲ ಗಂಡ ಎಳೆಯ ವಯಸ್ಸಿನಲ್ಲೇ ತೀರಿದನು. ಎರಡನೆಯವನಾದ ಬವೇರಿಯಾದ ವಿಲಿಯಂ ಮತಿಭ್ರಮಣೆಗೊಳಗಾಗಿ ಬಂಧನದಲ್ಲಿದ್ದನು. ತನ್ನ ಪಾಲನ್ನು ಪಡೆಯಲು ಇಂಗ್ಲೆಂಡಿಗೆ ಬಂದ ಆಕೆ 1362ರ ಏಪ್ರಿಲಿನಲ್ಲಿ ಮಕ್ಕಳಿಲ್ಲದೆ ಸತ್ತಳು. ವಿಷಪ್ರಯೋಗವೆಂಬ ಗಾಳಿಮಾತನ್ನು ನೈಟನ್ ದಾಖಲಿಸಿದ್ದಾನೆ. ಸಾವಿನಿಂದ ಲಾಭ ಪಡೆದವನು ಇದ್ದುದರಿಂದ ಮಾತು ಹುಟ್ಟಿತು. ಪ್ಲೇಗಿನ ವರ್ಷದಲ್ಲಿ ಅಂಥ ಸಾವಿಗೆ ವಿಷವೇ ಬೇಕಿರಲಿಲ್ಲ. ಲಾಭ ಪಡೆದವನು ಕಿರಿಯಳಾದ ಬ್ಲಾಂಷಳ ಗಂಡ, ಮೂರನೆಯ ಎಡ್ವರ್ಡನ ಮಗ ಗಾಂಟಿನ ಜಾನ್. ಇಡೀ ಲ್ಯಾಂಕಾಸ್ಟರ್ ಆಸ್ತಿ ಅವನ ಕೈಸೇರಿತು. 1362ರ ನವೆಂಬರ್ 13ರಂದು ಅವನನ್ನು ಡ್ಯೂಕನನ್ನಾಗಿ ಮಾಡಿದ ಪಾರ್ಲಿಮೆಂಟೇ ನ್ಯಾಯಾಲಯದ ವಾದಗಳು ಇನ್ನು ಮುಂದೆ ಇಂಗ್ಲಿಷಿನಲ್ಲಿ ನಡೆಯತಕ್ಕದ್ದು, ಫ್ರೆಂಚ್ ಜನರಿಗೆ ಅರ್ಥವಾಗುತ್ತಿಲ್ಲ ಎಂಬ ಶಾಸನವನ್ನೂ ಹೊರಡಿಸಿತು. ಆ ಶಾಸನ ಬರೆಯಲ್ಪಟ್ಟಿರುವುದು ಫ್ರೆಂಚಿನಲ್ಲಿ.

ಬ್ಲಾಂಷ್ 1368ರಲ್ಲಿ ತೀರಿಕೊಂಡಳು. ಅವಳ ನೆನಪಿಗೆ ಚಾಸರ್ ಬರೆದ ಶೋಕಕಾವ್ಯ ‘ದಿ ಬುಕ್ ಆಫ್ ದ ಡಚೆಸ್’ ಇಂಗ್ಲಿಷಿನದು. ತಂದೆ ಫ್ರೆಂಚಿನಲ್ಲಿ ಪಶ್ಚಾತ್ತಾಪ ಬರೆದು ಹದಿನಾಲ್ಕು ವರ್ಷ ಕಳೆದಾಗ ಮಗಳ ಶೋಕಕ್ಕೆ ಇಂಗ್ಲಿಷ್ ಸಾಕೆನಿಸಿತು. ಆದರೂ ಗಾಂಟಿನ ಜಾನನ ಕಚೇರಿಯ ಆಜ್ಞಾಪತ್ರಗಳು ಬಹುಪಾಲು ಫ್ರೆಂಚಿನಲ್ಲೇ ಮುಂದುವರಿದವು. ಇಂಥ ಬದಲಾವಣೆ ಎಲ್ಲ ಕೋಣೆಗಳಲ್ಲಿ ಒಮ್ಮೆಲೇ ಆಗುವಂಥದಲ್ಲ. ಸವಾಯ್ ಅರಮನೆಯನ್ನು 1381ರ ರೈತ ದಂಗೆಯಲ್ಲಿ ಜನ ಸುಟ್ಟುಹಾಕಿದರು.

ಬ್ಲಾಂಷಳ ಮಗ ನಾಲ್ಕನೆಯ ಹೆನ್ರಿ 1399ರ ಸೆಪ್ಟೆಂಬರ್ 30ರಂದು ಎರಡನೆಯ ರಿಚರ್ಡನ ಸಿಂಹಾಸನಕ್ಕೆ ತನ್ನ ಹಕ್ಕನ್ನು ಮಂಡಿಸಿದ್ದು ಇಂಗ್ಲಿಷಿನಲ್ಲಿ. ತಾನು ಮೂರನೆಯ ಹೆನ್ರಿಯ ರಕ್ತದವನೆಂದು ಅವನು ಸಾರಿದನು. ತಂದೆಯ ಕಡೆಯಿಂದ ಲೆಕ್ಕ ಹಾಕಿದರೆ ಮೂರನೆಯ ಎಡ್ವರ್ಡನ ಹೆಸರು ಹೇಳಿದರೆ ಸಾಕಿತ್ತು. ಹಿಂದಕ್ಕೆ ಹೋಗಿ ಮೂರನೆಯ ಹೆನ್ರಿಯನ್ನು ಹಿಡಿದದ್ದು ತಾಯಿಯ ವಂಶವನ್ನು ಮುಂದಿಡುವ ಜಾಣತನ. ಕ್ರೌಚ್‌ಬ್ಯಾಕ್ ಎಡ್ಮಂಡನೇ ಹಿರಿಯ ಮಗ, ಗೂನುಬೆನ್ನಿನ ಕಾರಣ ಅವನಿಗೆ ಪಟ್ಟ ತಪ್ಪಿತು ಎಂಬ ಕಟ್ಟುಕಥೆ ಆಗ ಹರಿದಾಡುತ್ತಿತ್ತು. ವಿದ್ವಾಂಸರ ಸಮಿತಿಯೊಂದು ಮಠಗಳ ಚರಿತ್ರೆಗಳನ್ನು ತಡಕಿ ಅದು ಸುಳ್ಳೆಂದು ಕಂಡುಕೊಂಡಿತು. ಹೆನ್ರಿ ಆ ಕಥೆಯನ್ನು ಬಿಟ್ಟು ಮೂರನೆಯ ಹೆನ್ರಿಯ ಹೆಸರನ್ನು ಮಾತ್ರ ಉಳಿಸಿಕೊಂಡನು. 1409ರ ಅವನ ಮೃತ್ಯುಪತ್ರವೂ ಇಂಗ್ಲಿಷಿನದೇ.

ಅವನ ಅಕ್ಕ ಫಿಲಿಪ್ಪಾ 1387ರಲ್ಲಿ ಪೋರ್ಚುಗಲ್ಲಿನ ಮೊದಲನೆಯ ಜುವಾಂವ್ ರಾಜನ ಕೈಹಿಡಿದಳು. ಆಕೆಯ ಮಗ ದುವಾರ್ತೆ ರಾಜನಾಗಿ, ತನ್ನ ಮನೋವ್ಯಥೆಯನ್ನೂ ಪಾಪಪುಣ್ಯಗಳನ್ನೂ ವಿವೇಚಿಸುವ ‘ಲೆಯಾಲ್ ಕೊನ್ಸೆಲ್ಯೆಯ್ರು’ ಎಂಬ ಗ್ರಂಥವನ್ನು ಪೋರ್ಚುಗೀಸಿನಲ್ಲಿ ಬರೆದನು. ಇನ್ನೊಬ್ಬ ಮಗ ಸಮುದ್ರಯಾನಗಳ ಪೋಷಕನಾದ ರಾಜಕುಮಾರ ಹೆನ್ರಿ. ದುವಾರ್ತೆಯ ಮೊಮ್ಮಗ ಮನುಯೆಲನ ಆಳ್ವಿಕೆಯಲ್ಲಿ 1498ರಲ್ಲಿ ವಾಸ್ಕೋ ಡ ಗಾಮ ಮಲಬಾರಿಗೆ ಬಂದನು, 1510ರಲ್ಲಿ ಬಿಜಾಪುರದ ಆದಿಲ್‌ಶಾಹಿಗಳಿಂದ ಗೋವೆ ಪೋರ್ಚುಗೀಸರ ವಶವಾಯಿತು. ಗೋವೆಯ ಕನ್ನಡ, ಕೊಂಕಣಿ, ಮರಾಠಿ ಓದುಗರ ಚರಿತ್ರೆಯೊಳಕ್ಕೆ ಗ್ರೋಸ್‌ಮಾಂಟಿನ ಹೆನ್ರಿಯ ವಂಶ ಬಂದು ಸೇರಿದ್ದು ಹೀಗೆ.

ಗ್ರಂಥವಂತೂ ಬಹುಕಾಲ ಹಸ್ತಪ್ರತಿಯಲ್ಲೇ ಉಳಿದು, ಆರ್ನೂಲ್ಡ್ ಅವರ ಸಂಪಾದನೆಯಲ್ಲಿ 1940ರಲ್ಲಿ ಅಚ್ಚಾಯಿತು. ಕ್ಯಾಥರಿನ್ ಬ್ಯಾಟ್ ಅವರ ಇಂಗ್ಲಿಷ್ ಅನುವಾದ ಬಂದದ್ದು 2014ರಲ್ಲಿ. ಹೆನ್ರಿಯ ಸಮಾಧಿಯಿದ್ದ ನ್ಯೂವಾರ್ಕ್ ಚರ್ಚನ್ನು ಹದಿನಾರನೆಯ ಶತಮಾನದ ಧರ್ಮಸುಧಾರಣೆಯ ಕಾಲದಲ್ಲಿ ಕೆಡವಲಾಯಿತು. ಅದರ ಎರಡು ಕಮಾನುಗಳು ಲೆಸ್ಟರಿನ ವಿಶ್ವವಿದ್ಯಾಲಯವೊಂದರ ಕಟ್ಟಡದ ನೆಲಮಾಳಿಗೆಯಲ್ಲಿ ಈಗಲೂ ನಿಂತಿವೆ. ಕುರುಡು ಅರ್ಲನ ಆಸ್ಪತ್ರೆಯ ಉಳಿದ ಭಾಗವೂ ಅದೇ ವಿಶ್ವವಿದ್ಯಾಲಯಕ್ಕೆ ಸೇರಿದೆ. ವಿಶ್ವವಿದ್ಯಾಲಯಕ್ಕೆ ಇಟ್ಟಿರುವುದು ಸೈಮನ್ ದ ಮಾಂಟ್‌ಫರ್ಟನ ಹೆಸರು.